ಕುಂಕುಮದ ಕರಡಿಗೆ ನೀರಿಗೆ ಬಿಟ್ಟದ್ದು

ಮನೆ ಓರಣ ಮಾಡಿಕೊಡುತ್ತೇನೆಂದು ಯಾರಾದರೂ ಬಂದರೆ ಏನಾದರೊಂದು ನಡೆದೇ ತೀರುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಸಮುದ್ರದವರೆಗೆ ಹೋಯಿತು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನಾಗ ನಿಪ್ಪಾಣಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕ. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಅವಳು ಕೂಡಿಸಿಟ್ಟ ಸಾಮಾನು ಇದ್ದಲ್ಲೇ ಇತ್ತು, ಮೇಲೆ ಧೂಳು ಮಾತ್ರ ಹೊಸದು. ಒಂದು ಶನಿವಾರ ಅಥಣಿಯಿಂದ ನನ್ನ ಅಕ್ಕ ಬಂದಳು.

"ಯಾವುದು ಇಡೂದು, ಯಾವುದು ಕೊಡೂದು, ಯಾವುದು ಒಗಿಯೂದು, ಎಲ್ಲಾ ನಾ ನೋಡ್ತೀನಿ. ನೀ ಸುಮ್ಮ ಕುಂಡ್ರು" ಎಂದಳು.

ಸುಮ್ಮನೆ ಕೂರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಒಂದು ವಸ್ತು ಮಾತ್ರ ಮನೆಬಿಟ್ಟು ಹೋಗಬಾರದು ಎಂದು ಮನಸ್ಸಿನಲ್ಲಿತ್ತು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಮುಚ್ಚಳ ತಿರುವಿ ತೆಗೆಯುತ್ತಿದ್ದ, ಕೆಂಪು ಬಣ್ಣದ ಕಟ್ಟಿಗೆಯ ಕುಂಕುಮದ ಕರಡಿಗೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

೧. ಊರು ತಿರುಗಿದ ತಂಬಿಗೆ

ನಮ್ಮ ಕಡೆ ಮದುವೆ, ವಾಸ್ತುಶಾಂತಿಗಳಿಗೆ ಆಯೇರ ಎಂದು ಸ್ಟೀಲಿನ ಪಾತ್ರೆ ಕೊಡುವುದು ರೂಢಿ. ಕೊಟ್ಟವರ ಹೆಸರನ್ನು ಅದರ ಮೇಲೆ ಕೊರೆಸುವುದೂ ರೂಢಿ. ಅಕ್ಕ ಶೋಕೇಸಿನಿಂದ ಒಂದು ತಂಬಿಗೆ ತೆಗೆದು ತಿರುಗಿಸಿ ನೋಡಿದಳು. ಕಂಠದ ಮೇಲೆ ಕಾಗವಾಡದ ನಮ್ಮ ನೆಂಟರ ಹೆಸರು. ಹೊಟ್ಟೆಯ ಮೇಲೆ ರಾಯಬಾಗದವರೊಬ್ಬರ ಹೆಸರು. ಆಮೇಲೆ ತಳ ನೋಡಿದಳು. ಅಲ್ಲಿ ಇದ್ದದ್ದು ಅವಳ ಗಂಡನ ಹೆಸರು.

"ಇದನ್ನ ನಾವು ರಾಯಬಾಗದವರ ಮಗಳ ಲಗ್ನಕ್ಕ ಕೊಟ್ಟಿದ್ವಿ! ನಿಮ್ಮ ಮನಿಗೆ ಹೆಂಗ ಬಂತು?"

"ಕಾಗವಾಡದವರು ವಾಸ್ತುಶಾಂತಿಗೆ ಕೊಟ್ಟಿದ್ದು, ಅಕ್ಕಾ."

"ಒಬ್ಬರೂ ಒಂದಿನ ನೀರು ತುಂಬಿಲ್ಲ ನೋಡು. ಮಂದೀಗೆ ನಾಚಿಕಿ ಅನ್ನೂದು ಬ್ಯಾಡಾ?"

ಹಾಗೆಂದು ಸೆರಗಿನಿಂದ ಫಳಫಳ ಒರೆಸಿ ತನ್ನ ಚೀಲದೊಳಗೆ ಇಟ್ಟುಕೊಂಡಳು. "ಬರೂ ತಿಂಗಳ ಮುಗಳಖೋಡದಾಗ ಒಂದು ಲಗ್ನ ಐತಿ. ಹೆಸರು ಕೊರಸಾಕ ಕೆಳಗ ಇನ್ನೂ ಜಾಗಾ ಐತಿ."

೨. ಮಣಿಯ ಬಾತುಕೋಳಿ

ಆಗ ಎಲ್ಲರ ಮನೆಯಲ್ಲೂ ಮಣಿ ಪೋಣಿಸಿ ಮಾಡಿದ ಗೊಂಬೆಗಳು. ನಮ್ಮಲ್ಲಿ ಬಿಳಿ ಮಣಿಯ ಒಂದು ಬಾತುಕೋಳಿ ಇತ್ತು. ಕತ್ತು ಸೊಟ್ಟಾಗಿತ್ತು, ಒಂದು ಕಣ್ಣು ಉದುರಿತ್ತು. ಅಕ್ಕ ಅದನ್ನು ಒಗೆಯುವ ಗುಂಪಿಗೆ ಎಸೆದಳು. ಸಹಾಯಕ್ಕೆಂದು ಬಂದು ಕೂತಿದ್ದ ಪಕ್ಕದ ಮನೆಯ ಮರಾಠಿ ಕಾಕು ಚಿಟ್ಟನೆ ಚೀರಿದರು.

"ಅಗೋಬಾಯಿ! ಅದನ್ನ ಒಗೀಬ್ಯಾಡ್ರಿ ಅಕ್ಕಾ! ನಾನs ಮಾಡಿ ಕೊಟ್ಟಿದ್ದು, ಎರಡ ತಿಂಗಳ ಕುಂತು."

ಅಕ್ಕನಿಗೆ ಮುಜುಗರವಾಯಿತು. "ಇಲ್ಲರೀ, ಛಲೋ ಐತಿ. ಬಾತುಕೋಳಿ ಅಂದ್ರ ಬಾತುಕೋಳೀನs. ಈಗ ನೀರಿಗೆ ಬಿಟ್ರ ಈಜತೈತಿ."

ಕಾಕು ಗೊಂಬೆಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. "ಬಾತುಕೋಳಿ ಅಲ್ರಿ. ಗಣಪತಿ."

ನನ್ನ ಹೆಂಡತಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅವಳು ಅದನ್ನು ರೇಡಿಯೋ ಮೇಲೆ ಇಟ್ಟಿದ್ದಳು. ಅಂದಿನಿಂದ ಬಾತುಕೋಳಿ ದೇವರ ಜಗಲಿಯ ಮೇಲಿದೆ. ಸಂಕಷ್ಟಿಗೆ ಒಂದು ಗರಿಕೆಯೂ ಸಲ್ಲುತ್ತದೆ.

೩. ಕಬ್ಬಿನ ಪಂಪು

ಸಂಜೆಯ ಹೊತ್ತಿಗೆ ಅಕ್ಕನ ಕೈ ಕನ್ನಡಿಯ ಹಿಂದಿದ್ದ ಕರಡಿಗೆಗೆ ಬಂತು.

"ಇರಲಿ ಬಿಡಕ್ಕಾ, ಅದೊಂದು" ಎಂದೆ.

"ಇರಲಿ ಅಂದ್ರ? ಮುತ್ತೈದಿಯಾಗಿ ಹೋದಾಕಿ. ಹೆಣ್ಮಕ್ಕಳಿಲ್ಲದ ಮನ್ಯಾಗ ಕುಂಕುಮದ ಕರಡಗಿ ಇಡಬಾರದು. ಹರಿಯೂ ನೀರಿಗೆ ಬಿಡಬೇಕು."

ವಾದಿಸಿ ಗೆಲ್ಲುವ ಅಭ್ಯಾಸ ನನಗಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ವೇದಗಂಗೆಗೆ ಹೋದೆವು. ಬೇಸಿಗೆಯಾದ್ದರಿಂದ ನದಿ ಒಂದು ಮಡುವಿನಷ್ಟು ಉಳಿದಿತ್ತು. ಅದರೊಳಗೂ ದಂಡೆಯ ರೈತನೊಬ್ಬ ತನ್ನ ಕಬ್ಬಿಗೆಂದು ಪಂಪಿನ ಪೈಪು ಇಳಿಸಿದ್ದ. ಅಕ್ಕ ಕರಡಿಗೆಗೆ ಅರಿಶಿನ ಹಚ್ಚಿ, ಕೈಮುಗಿದು, ನೀರಿನಲ್ಲಿ ಬಿಟ್ಟಳು. ಅದು ತೇಲುತ್ತಾ ಸಾವಕಾಶ ಪೈಪಿನ ಬಾಯಿಯ ಕಡೆಗೆ ಹೊರಟಿತು.

"ಏ ಅಕ್ಕಾರ!" ರೈತ ದಂಡೆಯ ಮೇಲಿಂದ ಕೂಗಿದ. "ಅದನ್ನ ತಗೀರಿ ಮೊದಲ! ಪೈಪಿಗೆ ಸಿಕ್ಕೊಂಡ್ರ ನನ್ನ ಪಂಪು ಸುಡತೈತಿ!"

"ದೇವರ ಕೆಲಸ ಐತಪಾ, ಒಂದು ಗಳಿಗಿ ಪಂಪು ಬಂದ್ ಮಾಡು."

"ದೇವರನ್ನ ನಾಳೆ ಕರೀಬಹುದ್ರಿ ಅಕ್ಕಾರ. ಕರೆಂಟು ಈಗಷ್ಟs ಬಂದೈತಿ."

ಅವನೇ ನೀರಿಗಿಳಿದು ಕರಡಿಗೆಯನ್ನು ಎತ್ತಿ ಕೊಟ್ಟ. ನನಗೆ ಒಳಗೊಳಗೆ ಸಮಾಧಾನವಾಯಿತು. ಅಕ್ಕನಿಗೆ ಆಗಲಿಲ್ಲ.

೪. ಭರತಿ

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಶಿಕ್ಷಕರೆಲ್ಲ ಘಟ್ಟ ಇಳಿದು ಸಮುದ್ರದಂಡೆಯ ವೆಂಗುರ್ಲೆಗೆ ಹೊರಟಿದ್ದೆವು. ವಿಷಯ ತಿಳಿದು, ಇನ್ನೂ ನಮ್ಮಲ್ಲೇ ಇದ್ದ ಅಕ್ಕ ಕರಡಿಗೆ ಹಿಡಿದು ತಾನೂ ಬಸ್ಸು ಹತ್ತಿದಳು. "ಸಮುದ್ರದಾಗ ಏನೂ ಪಂಪು ಇರೂದಿಲ್ಲಲ್ಲಾ?" ಎಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ಮರಳಿನ ಮೇಲೆ ಎಲ್ಲರ ನಡಿಗೆ. ನಮ್ಮಲ್ಲಿ ಬಹಳ ಜನ ಸಮುದ್ರ ನೋಡುತ್ತಿದ್ದದ್ದು ಮೊದಲ ಸಲ. ಡ್ರಿಲ್ ಮಾಸ್ತರರು ಸೀಟಿ ತಂದಿದ್ದರು. ತೆರೆ ಬಂದಾಗಲೆಲ್ಲ ಊದುತ್ತಿದ್ದರು. ಹೆಡ್ಮಾಸ್ತರರೂ ಸೇರಿ ನಾವೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಓಡುತ್ತಿದ್ದೆವು.

ಅಕ್ಕ ಮೊಣಕಾಲುಮಟ್ಟ ನೀರಿಗಿಳಿದಳು. ಕೃಷ್ಣೆಗೆ ಉಡಿ ತುಂಬಿ ರೂಢಿಯಾದ ಕೈ. ಅಲ್ಲಿ ತೆಂಗಿನಕಾಯಿ, ಖಣ, ಹೂವು ಏನು ಬಿಟ್ಟರೂ ಹೊಳೆ ಮುಂದಕ್ಕೆ ಒಯ್ಯುತ್ತದೆ. ಅವಳು ಕರಡಿಗೆಯನ್ನು ಬಿಟ್ಟು, ಕೈಮುಗಿದು, ಹಿಂತಿರುಗಿ ನೋಡಬಾರದೆಂದು ನೆಟ್ಟಗೆ ದಂಡೆಗೆ ಬಂದಳು. ಕರಡಿಗೆ ಅವಳಿಗಿಂತ ಮೊದಲೇ ದಂಡೆಗೆ ಬಂದಿತ್ತು.

ಮತ್ತೆ ಸೊಂಟಮಟ್ಟ ಇಳಿದು ಬಿಟ್ಟಳು. ಈ ಸಲ ತೆರೆ ಅದನ್ನು ಹೆಡ್ಮಾಸ್ತರರ ಕಾಲಿಗೆ ತಂದು ಬಡಿಯಿತು.

"ಕೊಡ್ರಿ ಅಕ್ಕಾರ, ನಾ ಒಗೀತೀನಿ. ಜಿಲ್ಲಾ ಮಟ್ಟದಾಗ ಗುಂಡು ಒಗದ ಕೈ ಇದು" ಎಂದು ಡ್ರಿಲ್ ಮಾಸ್ತರರು ಮುಂದೆ ಬಂದರು. ಮೂರು ಹೆಜ್ಜೆ ಓಡಿ, ಬೀಸಿ ಎಸೆದರು. ಕೆಂಪು ಚುಕ್ಕೆ ತೆರೆಗಳ ಆಚೆ ಬಿದ್ದು ಮರೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆಯಿತು, ಹೋಯಿತು ಎಂದುಕೊಂಡು ಕಾಲ ಕೆಳಗಿನ ಮರಳು ನೋಡುತ್ತಾ ನಿಂತೆ.

ಅಕ್ಕ ಹಣೆಯ ಬೆವರು ಒರೆಸಿಕೊಂಡಳು. ಸೀರೆಯ ನೆರಿಗೆ ಹಿಂಡಿದಳು. ಹೆಡ್ಮಾಸ್ತರರು ಚಹಾಕ್ಕೆ ಕರೆದರು. ಅಷ್ಟರಲ್ಲಿ ಒಂದು ದೊಡ್ಡ ತೆರೆ ಬಂತು, ಸೀಟಿ ಕೂಗಿತು, ನಾವೆಲ್ಲ ಓಡಿದೆವು. ತೆರೆ ಹಿಂದೆ ಸರಿದಾಗ ಅದು ಮರಳಿನ ಮೇಲೆ ಮುಚ್ಚಳ ಬಿಗಿದಂತೆಯೇ ಕೂತಿತ್ತು.

ಬುಟ್ಟಿಯಲ್ಲಿ ಮೀನು ತುಂಬಿಕೊಂಡು ಹೊರಟಿದ್ದ ಹೆಂಗಸೊಬ್ಬಳು ನಿಂತು ನಕ್ಕಳು. "ಭರತಿ ಆಸಾ ಗೋ ಬಾಯ್! ಸಗಳಾ ಪರತ್ ಯೇತಲಾ." ನೀರು ಏರುವ ಹೊತ್ತು, ಬಿಟ್ಟದ್ದೆಲ್ಲ ಮರಳಿ ಬರುತ್ತದೆ, ಎಂದರ್ಥ. ಇಳಿಯುವುದು ಮಧ್ಯಾಹ್ನದ ಮೇಲೆ ಎಂದೂ ಹೇಳಿದಳು. ನಮ್ಮ ಬಸ್ಸು ಮಧ್ಯಾಹ್ನಕ್ಕೆ ಮುಂಚೆ.

ಅಕ್ಕ ಕರಡಿಗೆಯನ್ನು ಎತ್ತಿಕೊಂಡು, ಒದ್ದೆ ಸೆರಗಿನಿಂದ ಅದರ ಮರಳು ಒರೆಸಿದಳು. ಆಮೇಲೆ ಬಂದು ಅದನ್ನು ನನ್ನ ಕೈಯಲ್ಲಿ ಇಟ್ಟಳು.

"ತಗೋ, ಇಟಗೋ ನಿನ್ನ ಹೇಂತೀನ್ನ. ಬದುಕಿದ್ದಾಗಂತೂ ನನ್ನ ಮಾತು ಒಂದೂ ಕೇಳಲಿಲ್ಲ. ಈಗರೆ ಕೇಳತಾಳ ಅನ್ಕೊಂಡಿದ್ದೆ!"