ಡ್ರಾಯಿಂಗ್ ಮೇಷ್ಟ್ರ ಕಿವಿ ತಿದ್ದಿದ ಡಾಕ್ಟರರ ಸನ್ನಿಧಿಗೆ

ಮಾನ್ಯ ಶಸ್ತ್ರಚಿಕಿತ್ಸಕ ಮಹಾಶಯರೇ,

ಬಸ್ ನಿಲ್ದಾಣದ ಹಿಂದಿನ ಕಟಿಂಗ್ ಶಾಪಿನಿಂದ ಸವಿನಯ ವಂದನೆಗಳು. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಎರಡೂ ಕಿವಿಗಳು, ಹುಟ್ಟಿದಂದಿನಿಂದ ತಲೆಯಿಂದ ಕಾಯ್ದುಕೊಂಡು ಬಂದಿದ್ದ ದೂರವನ್ನು ಬಿಟ್ಟುಕೊಟ್ಟು, ತಮ್ಮ ಘನ ಮಧ್ಯಸ್ಥಿಕೆಯಲ್ಲಿ ಅದರೊಂದಿಗೆ ರಾಜಿಯಾಗಿವೆ ಎಂಬ ಚಾರಿತ್ರಿಕ ಸಂಗತಿಯನ್ನು ಸಮಸ್ತ ನಾಗರಿಕರ ಸಮಕ್ಷಮದಲ್ಲಿ ಘೋಷಿಸುತ್ತ ಈ ಬಹಿರಂಗ ಪತ್ರವನ್ನು ಆರಂಭಿಸಲು ಅಪ್ಪಣೆಯಾಗಬೇಕು.

ಮೊದಲಿಗೆ ತಮ್ಮ ಕೈಚಳಕಕ್ಕೆ ಕೈ ಮುಗಿಯುತ್ತೇನೆ. ಕಿವಿಯ ಹಿಂದೆ ತಾವು ಹೊಲಿದ ಗೆರೆಯನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ಮೂವತ್ತು ವರ್ಷ ಕತ್ತಿ ಹಿಡಿದವನು ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಆದರೆ ಮಾನ್ಯರೇ, ಇಪ್ಪತ್ತೆರಡು ವರ್ಷ ಆ ಕಿವಿಗಳ ಉಸ್ತುವಾರಿ ಯಾರದಾಗಿತ್ತು ಎಂದು ತಾವು ಒಂದು ಮಾತು ವಿಚಾರಿಸಬಹುದಿತ್ತು.

ಮೇಷ್ಟ್ರು ಐದನೇ ಕ್ಲಾಸಿನಲ್ಲಿದ್ದಾಗ ಅವರ ತಾಯಿ ನನ್ನ ಅಂಗಡಿಗೆ ಕರೆತಂದು, “ಸ್ಕೂಲಲ್ಲಿ ಎಲ್ಲಾ ಇವನ್ನ ಬಾಣಲೆ ಅಂತಾರಪ್ಪ, ಎರಡು ಕಡೆ ಹಿಡಿ ಇದೆಯಂತೆ, ಏನಾದ್ರೂ ಮಾಡು” ಎಂದು ಕಣ್ಣೊರೆಸಿಕೊಂಡಿದ್ದರು. ಅಂದಿನಿಂದ ಪ್ರತಿ ತಿಂಗಳೂ ಎಡಗೈಯ ಎರಡು ಬೆರಳಿನಿಂದ ಕಿವಿಯನ್ನು ಮಡಚಿ ಹಿಡಿದು, ಅದರ ಮೇಲಿನ ಕೂದಲನ್ನು ದಪ್ಪವಾಗಿ ಉಳಿಸಿ, ಹೊರಕ್ಕೆ ಬಾಗಿಸಿ, ಕಿವಿ ಎಲ್ಲಿ ಮುಗಿಯಿತು ಕೂದಲು ಎಲ್ಲಿ ಶುರುವಾಯಿತು ಎಂದು ಹೆತ್ತತಾಯಿಗೂ ತಿಳಿಯದ ಹಾಗೆ ಚಾವಣಿ ಇಳಿಸಿಕೊಟ್ಟಿದ್ದೇನೆ. ಆ ಚಾವಣಿಯ ಕೆಳಗೆ ಅವರು ಓದಿದರು, ಕೆಲಸ ಹಿಡಿದರು, ಮದುವೆಯನ್ನೂ ಆದರು.

ಇದನ್ನು ಕೆಡವಿದವನು ಫೋಟೋ ಸ್ಟುಡಿಯೋದವನು. ಶಾಲೆಯ ಗುರುತಿನ ಚೀಟಿಗೆಂದು ಹೋದರೆ, “ಎರಡೂ ಕಿವಿ ಕಾಣ್ಬೇಕು ಸಾರ್, ರೂಲ್ಸು” ಎಂದು ಒಂದೇ ಏಟಿಗೆ ಹಿಂದಕ್ಕೆ ಬಾಚಿಬಿಟ್ಟನಂತೆ. ಆ ಚೀಟಿ ಕೊರಳಿಗೆ ಬಿದ್ದ ಮೂರನೇ ದಿನ ಕಪ್ಪುಹಲಗೆಯ ಮೇಲೆ ಚಿತ್ರ ಮೂಡಿತು. ಹಳೆಯ ಹೆಸರು ಕೇಳಿಯೇ ಇರದ ಮಕ್ಕಳೂ ಬಾಣಲೆಯನ್ನೇ ಬರೆದಿದ್ದರು, ಅದೂ ನೆರಳು-ಬೆಳಕು ಸಮೇತ. ಮೇಷ್ಟ್ರು ಅದನ್ನು ಅಳಿಸಿ, ರಜೆ ಹಾಕಿ, ಸೀದಾ ತಮ್ಮಲ್ಲಿಗೆ ಬಂದರು. ನನಗೆ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಬಂದು ಕುರ್ಚಿಯಲ್ಲಿ ಕೂತು, ಎಂದಿನಂತೆ ಕಣ್ಣು ಮುಚ್ಚಿದರು. ನನ್ನ ಎರಡು ಬೆರಳು ಎಂದಿನಂತೆ ಕಿವಿ ಹಿಡಿಯಲು ಹೋಗಿ ಗಾಳಿಯನ್ನು ಹಿಡಿದವು. “ಹೇಳ್ಬೇಕು ಅಂತಿದ್ದೆ ಕಣಯ್ಯಾ, ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಾದೆ. ಇವತ್ತು ಕಿವಿ ಕಾಣೋ ಹಾಗೆ ಕತ್ತರಿಸು” ಎಂದು ಕಣ್ಣು ತೆರೆಯದೆಯೇ ಹೇಳಿ ನಿದ್ದೆಹೋದರು. ಮನಸ್ಸಿಗೆ ಪೆಟ್ಟು ಬಿದ್ದಿತ್ತು, ಕೈಗೆ ಸುದ್ದಿ ಮುಟ್ಟಿರಲಿಲ್ಲ. ಅದು ಇಪ್ಪತ್ತೆರಡು ವರ್ಷದ ರೂಢಿಯಂತೆ ಎರಡೂ ಕಡೆ ಚಾವಣಿ ಇಳಿಸಿಬಿಟ್ಟಿತು. ಒಳಗೆ ಕಂಬವಿಲ್ಲದಿದ್ದರೂ ಆ ಕೂದಲು ವಿಧೇಯ ವಿದ್ಯಾರ್ಥಿಯಂತೆ ಹೊರಕ್ಕೇ ಚಾಚಿ ನಿಂತಿತು. ಕನ್ನಡಿ ನೋಡದೆ ನಿದ್ದೆಗಣ್ಣಿನಲ್ಲೇ ಎದ್ದುಹೋದ ಮೇಷ್ಟ್ರು ಮನೆ ಮುಟ್ಟಿದಾಗ ಅವರ ಮನೆಯಾಕೆ, “ಅಯ್ಯಯ್ಯೋ, ಹೊಲಿಗೆ ಬಿಚ್ಚೋಯ್ತೇನ್ರೀ!” ಎಂದು ಕೂಗಿದ್ದು ನಮ್ಮ ಬೀದಿಗೂ ಕೇಳಿಸಿತು.

ಆಮೇಲೆ ಆರು ವಾರವಾಯಿತು, ಅವರು ಈ ಕಡೆ ತಲೆ ಹಾಕಿಲ್ಲ. ಉರಿಬಿಸಿಲಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ರಸ್ತೆಯ ಆ ಬದಿಯಲ್ಲೇ ಹೋಗುತ್ತಾರೆ. ಗಿರಾಕಿ ಹೋದರೆ ಗಿರಾಕಿ ಬರುತ್ತಾನೆ, ಮಾನ್ಯರೇ. ಆದರೆ ಕೊರಳ ಬಳಿ ಕತ್ತಿ ಹಿಡಿದು ನಿಂತವನ ಮುಂದೆ ಗೊರಕೆ ಹೊಡೆಯುವಷ್ಟು ನಂಬಿದವರು ನನಗೆ ಅವರೊಬ್ಬರೇ. ತಾವು ಅವರನ್ನು ಮದ್ದು ಕೊಟ್ಟು ಮಲಗಿಸಿದಿರಿ. ನನ್ನಲ್ಲಿ ಅವರು ತಾವಾಗಿಯೇ ಮಲಗುತ್ತಿದ್ದರು.

ಆದ ಕಾರಣ ಪ್ರಾರ್ಥಿಸುವುದೇನೆಂದರೆ, ಆ ಕಿವಿಗಳಿಗೆ ತಾವು ಕೃಪೆಮಾಡಿ ಒಂದು ಬಿಜಾಗರಿ ಜೋಡಿಸಿ, ತಿಂಗಳಿಗೊಂದು ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಮೊದಲಿನ ಜಾಗಕ್ಕೆ ಬಂದು ಹೋಗುವ ಏರ್ಪಾಡು ಮಾಡಬೇಕು. ಅದು ವೈದ್ಯಶಾಸ್ತ್ರಕ್ಕೆ ಒಗ್ಗದಿದ್ದರೆ, ನನ್ನ ಎಡಗೈಯ ಎರಡು ಬೆರಳನ್ನಾದರೂ ತಮ್ಮ ಮೇಜಿನ ಮೇಲೆ ಮಲಗಿಸಿ, ಅವುಗಳ ನೆನಪನ್ನು ಕತ್ತರಿಸಿ, ಅಷ್ಟೇ ನಾಜೂಕಾಗಿ ಹೊಲಿದು ಕೊಡಬೇಕು.

ಕತ್ತರಿ ಕೆಳಗಿಟ್ಟು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕಟಿಂಗ್ ಶಾಪಿನವನು

ಮರೆತ ಮಾತು: ತಮ್ಮ ಆಸ್ಪತ್ರೆಯ ಬಾಗಿಲಲ್ಲಿ ತೂಗುಹಾಕಿದ ತಮ್ಮ ಭಾವಚಿತ್ರವನ್ನು ದರ್ಶಿಸಿದೆ. ಎಡಗಿವಿಯ ಮುಂದಿನ ಕೂದಲು ಬಲಗಡೆಗಿಂತ ಕಾಲಂಗುಲ ಕೆಳಗಿದೆ. ಜಗತ್ತಿನ ಕಿವಿಗಳನ್ನೆಲ್ಲ ಸರಿಸಮ ಮಾಡುವವರನ್ನು ಇಂಥ ಸ್ಥಿತಿಯಲ್ಲಿ ಹೊರಗೆ ಬಿಟ್ಟವನು ಯಾರೋ ಕಾಣೆ. ಅದಿರಲಿ. ಬರುವ ಸೋಮವಾರ ಮೇಷ್ಟ್ರು ಕಡೆಯ ತಪಾಸಣೆಗೆ ತಮ್ಮಲ್ಲಿಗೆ ಬರುತ್ತಾರಂತೆ. ಔಷಧಿ ಚೀಟಿಯ ಕೆಳಗೆ, ‘ಕೂದಲು ಹಳೆಯ ಅಂಗಡಿಯಲ್ಲೇ’ ಎಂದು ಒಂದು ಸಾಲು ಬರೆದುಕೊಡಿ. ಕಿವಿ ಕಾಣುವ ಕಟಿಂಗನ್ನು ನನ್ನ ಭಾವಮೈದುನನ ಮೇಲೆ ಮೂರು ಸಲ ಅಭ್ಯಾಸ ಮಾಡಿದ್ದೇನೆ, ಮೂರನೆಯದು ಚೆನ್ನಾಗಿಯೇ ಬಂದಿದೆ. ನಾಲ್ಕನೆಯದಕ್ಕೆ ಅವನ ತಲೆಯಲ್ಲಿ ಏನೂ ಉಳಿದಿಲ್ಲವಾದ್ದರಿಂದ, ದಯವಿಟ್ಟು ಸೋಮವಾರವೇ ಬರೆದುಕೊಡಿ.