ಕೆಂಪು ಡಬ್ಬಿಯ ಕಿವಿ

ಶಾಂತಕುಮಾರನ ಫಜೀತಿಯೆಲ್ಲ ಶುರುವಾದದ್ದು ಹೊಸ ಮೈಕು ಮೂಗನಾದದ್ದರಿಂದ.

ಹೈದರಾಬಾದಿನ ಮಲ್ಕಾಜ್‌ಗಿರಿ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ ಅವನು. ಕನ್ನಡ ಸಂಘದವರು ತತ್ವಪದದ ಸ್ಪರ್ಧೆ ಇಟ್ಟಿದ್ದರು. ಮನೆಯಲ್ಲೇ ಹಾಡಿ, ರೆಕಾರ್ಡ್ ಮಾಡಿ, ಕಳಿಸಬೇಕು; ಅಂದು ಸಂಜೆಯೇ ಕೊನೆಯ ಗಡುವು. ಗೆದ್ದವರಿಗೆ ಸಂಘದ ದೊಡ್ಡ ವೇದಿಕೆ. ವರ್ಷಗಟ್ಟಲೆ ಕಿಟಕಿಯ ಹಿಂದೆ ಕೂತು ಸ್ಟೇಷನ್ನುಗಳ ಹೆಸರನ್ನೇ ಒದರಿದ ಗಂಟಲಿಗೆ ಇದಕ್ಕಿಂತ ದೊಡ್ಡ ಆಸೆ ಬೇಕೇ? ರಜೆ ಹಾಕಿದ. ಮೈಕು ತಂದ. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಆಡಿಯೋ ಇಂಟರ್‌ಫೇಸ್ ಎಂಬ ಕೆಂಪು ಡಬ್ಬಿಯನ್ನೂ ತಂದ.

ಮೊದಲ ತೂತಿಗೆ ಮೈಕಿನ ವೈರು, ಎರಡನೆಯದಕ್ಕೆ ತಂಬೂರಿ ಪೆಟ್ಟಿಗೆಯ ವೈರು ಸಿಕ್ಕಿಸಿದ. ಸ್ಪೀಕರಿನಲ್ಲಿ ತಂಬೂರಿ ಝುಂಯ್ ಎಂದಿತು. ಮೈಕು ಮಾತ್ರ ಮುನಿಸಿಕೊಂಡ ಬೀಗಿತ್ತಿಯ ಹಾಗೆ ತುಟಿ ಬಿಚ್ಚಲಿಲ್ಲ. ದನಿಯ ತಿರುಪನ್ನು ಕೊನೆತನಕ ತಿರುಗಿಸಿ, ಬಾಗಿಲು ಹಾಕಿಕೊಂಡು ಅರಚಿದ:

"ಹಲೋ! ಹಲೋ! ನನ್ನ ದನಿ ಕೇಳಾಕತ್ತೈತೇನು?"

ಪಕ್ಕದ ಮನೆಯ ಪ್ರಫುಲ್ಲಾಬಾಯಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆಕೆ ನೆಟ್ಟಗೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರವಿಶಂಕರನ ಬಳಿ ಓಡಿದಳು.

"ನೌಕರಿಗಿ ಹೋಗಿಲ್ಲ, ಬಾಗಲಾ ಹಾಕ್ಕೊಂಡಾನ, ಒಂದಾ ಸವನ ಹಲೋ ಹಲೋ ಅನ್ನಾಕತ್ತಾನ. ಪೊಲೀಸರು ಅಂತ ಸುಳ್ಳ ಹೇಳಿ ಫೋನಿನ್ಯಾಗ ಮಂದೀನ ಹೆದರಸ್ತಾರಲ್ರೀ, ಆ ಗ್ಯಾಂಗಿನವನಾ ಇರಬೇಕು!"

ತೆಲುಗಿನವನಾದರೂ ರಾಯಚೂರಿನ ಅಳಿಯನಾಗಿ ಕನ್ನಡ ಕಲಿತಿದ್ದ ರವಿಶಂಕರ್ ಮೀಸೆ ತೀಡಿಕೊಂಡು ಬಂದು ಬಾಗಿಲು ಬಡಿದ. ಹಿಂದೆಯೇ ಪ್ರಫುಲ್ಲಾಬಾಯಿ.

"ಏಂದನ್ನಾ ಇದಿ? ಏನಣ್ಣಾ ಇದು? ಇಷ್ಟು ವೈರ್ ಯಾಕೆ? ಯಾರಿಗೆ ಫೋನ್?"

"ಫೋನಲ್ರೀ, ಹಾಡು!"

"ಹಾಡವ್ರು ಹಲೋ ಅಂತಾರೇನು?" ಪ್ರಫುಲ್ಲಾಬಾಯಿ ಕಣ್ಣು ಕಿರಿದು ಮಾಡಿದಳು.

"ದನಿ ಬರವಲ್ದು, ಅದಕ್ಕ."

"ಗ್ವಾಡಿ ಬಿರಿಯೂಹಂಗ ಬಂತಲ್ಲೋ!"

ರವಿಶಂಕರ್ ಡಬ್ಬಿಯ ಮೇಲೆ ಬಗ್ಗಿದ. "ನಲವತ್ತೆಂಟು ವೋಲ್ಟ್ ಅಂತ ಬರೆದಿದೆ. ಇದೇನು, ಬಾಂಬಾ?" ಎಂದವನೇ ಆ ಗುಂಡಿಯನ್ನು ಒತ್ತಿಯೇಬಿಟ್ಟ.

ಮೈಕು ಬೆಳಗಿನಿಂದ ಕಾದಿದ್ದ ಕರೆಂಟು ಅದೇ. ಸ್ಪೀಕರು ಕತ್ತಿ ಸಾಣೆ ಹಿಡಿದಂತೆ ಕಿರುಚಿತು. ಶಾಂತಕುಮಾರ ಗಾಬರಿಯಾಗಿ ಮೈಕನ್ನು ಕಿಟಕಿಯತ್ತ ತಿರುಗಿಸಿದ. ಕಿರುಚಾಟ ನಿಂತಿತು. ಅದರ ಬದಲು, ಹೊರಗೆ ಮೆಟ್ಟಿಲ ಬಳಿ ಪಿಸುಗುಡುತ್ತಿದ್ದ ಸೆಕ್ರೆಟರಿಯ ಹೆಂಡತಿ ವರ್ಷಾಳ ದನಿ ಕೋಣೆ ತುಂಬ ಮೊಳಗಿತು:

"ನಮ್ಮವ್ರು ಕಳ್ಳನ್ನ ಹಿಡೀತಾರಂತ! ಮನ್ಯಾಗ ಹಲ್ಲಿ ಲೊಚ್ ಅಂದ್ರ ನನ್ನ ಸೆರಗ ಹಿಡೀತಾರ! ಆ ಪ್ರಫುಲ್ಲಾಬಾಯಿನೂ ಅಷ್ಟಾ, ಗ್ವಾಡಿಗಿ ಕಿವಿ ಹಚ್ಚಿ ಹಚ್ಚಿ ಸುಣ್ಣಾ ಉದುರಿಸ್ಯಾಳ!"

ಬಂದವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿಂದೆ ಹಿಂದೆ ಸರಿದು ಹೊರಬಿದ್ದರು.

ಸ್ವಲ್ಪ ಹೊತ್ತಿಗೆಲ್ಲ ಸುದ್ದಿ ಎಲ್ಲ ಅಂತಸ್ತುಗಳಿಗೂ ಮುಟ್ಟಿತು. ಶಾಂತಕುಮಾರನ ಡಬ್ಬಿಗೆ ಗೋಡೆಯಾಚೆಯದೂ ಕೇಳುತ್ತದಂತೆ! ಟೀವಿಗಳು ಬಂದಾದವು. ಗಂಡಹೆಂಡಿರ ಜಗಳಗಳು ಮುಂದಕ್ಕೆ ಹೋದವು. ಕುಕ್ಕರು ಸೀಟಿ ಹಾಕಿ ಇನ್ನೇನು ಬಾಯಿಬಿಟ್ಟೀತೋ ಎಂದು ಪಾತ್ರೆಯಲ್ಲೇ ಅನ್ನ ಬೆಂದಿತು. ತರಕಾರಿ ಗಾಡಿಯವನ ಜೊತೆ ಕೈಸನ್ನೆಯಲ್ಲೇ ಚೌಕಾಸಿ ನಡೆಯಿತು.

ಆ ನಿಶ್ಶಬ್ದದಲ್ಲಿ ಶಾಂತಕುಮಾರ ಕಣ್ಣು ಮುಚ್ಚಿ ಹಾಡಿದ. ಜನ್ಮದಲ್ಲಿ ಹಾಗೆ ಹಾಡಿರಲಿಲ್ಲ. ಹೆಂಡತಿ ಸುವರ್ಣಾ ಕಣ್ಣೊರೆಸಿಕೊಂಡು, "ನೀವಾ ಹಾಡಿದ್ರೇನ್ರೀ ಇದು?" ಎಂದಳು. ಹಿಗ್ಗಿನಿಂದ ಅವನು ಹಾಡನ್ನು ಸಂಘಕ್ಕೆ ಕಳಿಸಿದ.

ಸಂಜೆ ಫೋನು ಬಂತು. ಸ್ಪರ್ಧೆಯ ತೀರ್ಪುಗಾರರಾದ ಸಾವಿತ್ರಿಬಾಯಿ.

"ಹಾಡು ಭಾಳ ಛಂದ ಐತ್ರಿ. ಆದ್ರ ನಮಗ ಸಂಶಯ ಬಂದೈತಿ."

"ಏನ್ ಸಂಶಯರೀ?"

"ಅಪಾರ್ಟ್‌ಮೆಂಟಿನ್ಯಾಗ ಹಾಡೀನಿ ಅಂತೀರಿ. ಒಂದು ಕುಕ್ಕರ್ ಸೀಟಿ ಇಲ್ಲ, ಒಂದು ಹುಡುಗ ಅತ್ತಿಲ್ಲ. ಹೈದರಾಬಾದಿನ್ಯಾಗ ಅಂಥಾ ಮನಿ ಎಲ್ಲೈತ್ರಿ? ಕಂಪ್ಯೂಟರ್ ಕಡಿಂದ ಹಾಡಿಸಿದ್ದು ನಮಗ ಬ್ಯಾಡ."

"ದೇವರಾಣಿಗೂ ನಾನಾ ಹಾಡೀನ್ರಿ! ನನ್ನ ಹೆಂಡ್ತೀನ ಕೇಳ್ರಿ!"

"ಹೆಂಡ್ತಿ ಸಾಕ್ಷಿ ನಡಿಯಂಗಿಲ್ಲ. ಹೊರಗಿನವ್ರು ಯಾರರೆ ಒಬ್ಬರು ಕೇಳೀನಿ ಅನ್ಲಿ, ಸಾಕು."

ಶಾಂತಕುಮಾರ ಫೋನು ಹಿಡಿದು ಹೊರಗೆ ಓಡಿದ. ರವಿಶಂಕರ್, ವರ್ಷಾ, ಪ್ರಫುಲ್ಲಾಬಾಯಿ, ಎಲ್ಲರೂ ಕಾರಿಡಾರಿನಲ್ಲೇ ಇದ್ದರು.

"ನಾ ಹಾಡಿದ್ದು ಕೇಳೀರಲ್ರೀ? ಕೇಳೀನಿ ಅಂತ ಒಂದ್ ಮಾತ ಹೇಳ್ರಿ, ನಿಮ್ಮ ಕಾಲ ಬೀಳ್ತೀನಿ!"

ಅವರೆಲ್ಲ ಅವನು ಮುಂದೆ ಚಾಚಿದ ಫೋನನ್ನು, ಇದೂ ಆ ಡಬ್ಬಿಯ ಇನ್ನೊಂದು ಕಿವಿಯೇನೋ ಎಂಬಂತೆ ನೋಡಿದರು. ಪ್ರಫುಲ್ಲಾಬಾಯಿ ಬಾಯಿಯ ಮೇಲೆ ಬೆರಳಿಟ್ಟುಕೊಂಡು, ಚಿಲಕದ ಸದ್ದೂ ಆಗದಂತೆ ಬಾಗಿಲು ಹಾಕಿಕೊಂಡಳು.

"ಹಲೋ," ಎಂದರು ಫೋನಿನಲ್ಲಿ ಸಾವಿತ್ರಿಬಾಯಿ. "ಅಲ್ಲಿ ಯಾರೂ ಇಲ್ಲಲ್ರೀ!"