ತಂಗಿಯ ಸೊಟ್ಟ ಗೆರೆ ನೆಟ್ಟಗೆ ಮಾಡಿದ್ದು

ಉಣಕಲ್‌ನಲ್ಲಿ ಫ್ಯಾನ್ ರಿಪೇರಿ ಅಂದರೆ ನಾನು. ಏಳನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಆದರೆ ನನ್ನ ಅಂಗಡಿಗೆ ಬಂದ ಫ್ಯಾನು ತಿರುಗದೆ ವಾಪಸು ಹೋದದ್ದಿಲ್ಲ. ಬಹುತೇಕ ಫ್ಯಾನುಗಳಿಗೆ ರೋಗ ಒಂದೇ: ಕರೆಂಟು ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿ, ಕೆಪಾಸಿಟರ್. ಅದರ ಮೈಮೇಲೆ ಅಳತೆ ಎರಡೂವರೆ ಎಂದು ಬರೆದಿದ್ದರೆ ಎರಡೂವರೆಯೇ ಇರಬೇಕು. ಕಡಿಮೆಯಾಯಿತೋ, ಕಸದ ಬುಟ್ಟಿಗೆ! ಇದು ನನ್ನ ಧರ್ಮ.

ನನ್ನ ತಂಗಿ ಶೈಲಾ ಧಾರವಾಡದಲ್ಲಿ ಚಿಪ್‌ಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನಮ್ಮ ಮನೆತನದಲ್ಲಿ ಇಷ್ಟು ಓದಿದವರು ಯಾರೂ ಇಲ್ಲ. ಇದನ್ನು ಗಿರಾಕಿಗಳಿಗೆ ಫ್ಯಾನು ತಂದಾಗ ಒಮ್ಮೆ, ಒಯ್ಯುವಾಗ ಒಮ್ಮೆ ಹೇಳುತ್ತೇನೆ.

ಆ ಶನಿವಾರ ಆಕೆ ತನ್ನ ಬೋರ್ಡನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದಿದ್ದಳು. ಮರುದಿನ ಅವಳ ಗೈಡ್ ಸರ್ ಲ್ಯಾಪ್‌ಟಾಪಿನಲ್ಲೇ, ವಿಡಿಯೊ ಕಾಲ್ ಮಾಡಿ ಅದನ್ನು ನೋಡುವವರಿದ್ದರು. ಒಪ್ಪಿದರೆ ಪ್ರಬಂಧಕ್ಕೆ ಸಹಿ. ಒಪ್ಪದಿದ್ದರೆ ಎರಡು ವರ್ಷದ ದುಡಿಮೆ ಮತ್ತೆ ಮೊದಲಿನಿಂದ.

ಬೋರ್ಡಿಗೆ ಲ್ಯಾಪ್‌ಟಾಪ್ ಜೋಡಿಸಿ, ಪರದೆಯ ಮೇಲೆ ಅದರ ಅಳತೆಯ ಗೆರೆ ತೋರಿಸಿದಳು. ಬಾಳೆಹಣ್ಣಿನಂತೆ ಬಾಗಿತ್ತು.

"ಇದ್ಯಾಕ ಸೊಟ್ಟ ಐತಿ?" ಎಂದೆ.

"ಚಿಪ್ಪಿನೊಳಗಿನ ಕೆಪಾಸಿಟರ್ ಅಕ್ಕಾ, ಸಾಸಿವಿಕಿಂತ ಸಣ್ಣದು. ವೋಲ್ಟೇಜ್ ಬದಲಾದಂಗ ಅದರ ಅಳತಿನೂ ಒಂಚೂರು ಬದಲಾಗತೈತಿ."

ತಲೆ ಆಡಿಸಿದೆ. ಒಳಗೊಳಗೇ ಮರುಗಿದೆ. ಪಾಪ, ಕೆಟ್ಟ ಮಾಲು ಕೊಟ್ಟಿದ್ದಾರೆ, ಹುಡುಗಿಗೆ ಗೊತ್ತೇ ಆಗಿಲ್ಲ!

ಮರುದಿನ ಮುಂಜಾನೆ ಆಕೆ ಸ್ನಾನಕ್ಕೆ ಹೋದಳು. ನಾನು ಸೋಲ್ಡರಿಂಗ್ ಐರನ್ ಕಾಯಿಸಿದೆ. ಹೊಚ್ಚ ಹೊಸ ಫ್ಯಾನ್ ಕೆಪಾಸಿಟರ್ ತೆಗೆದು, ಆ ಚಿಪ್ಪಿನ ಎರಡು ಕಾಲಿಗೆ ಬೆಸೆದು, ಪೆಟ್ಟಿಗೆಯೊಳಗೆ ಕೂಸಿನಂತೆ ಮಲಗಿಸಿ ಮುಚ್ಚಳ ಹಾಕಿದೆ.

ನನ್ನ ಗಂಡ ಪೇಪರಿನಿಂದ ತಲೆ ಎತ್ತಿದರು. "ಆಕಿನ್ನ ಕೇಳಿ ಮಾಡಾಕತ್ತೀಯೇನ?"

"ಡಾಕ್ಟರು ಪೇಶೆಂಟಿನ್ನ ಕೇಳಿ ಇಂಜೆಕ್ಷನ್ ಮಾಡ್ತಾರೇನ್ರಿ?"

ಹನ್ನೊಂದಕ್ಕೆ ಸರ್ ಪರದೆಯಲ್ಲಿ ಪ್ರತ್ಯಕ್ಷರಾದರು. ಶೈಲಾ ಗುಂಡಿ ಒತ್ತಿದಳು. ಗೆರೆ ಬಂತು. ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ!

ತಂಗಿಯ ಮುಖ ಬಿಳಿಚಿತು. ವೋಲ್ಟೇಜ್ ಏರಿಸಿದಳು, ಇಳಿಸಿದಳು. ಗೆರೆ ಮಿಸುಕಲಿಲ್ಲ. ಬದಿಯ ಅಂಕಿಗಳು ಮಾತ್ರ ಎಲ್ಲೋ ಆಕಾಶ ಮುಟ್ಟಿದ್ದವು.

"ನೀವು ಹೇಳಿದ ಬಾಗು ಎಲ್ಲೈತ್ರಿ ಶೈಲಾ?" ಎಂದರು ಸರ್.

ಆಕೆ ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ನಾನು ಚಹಾದ ಕಪ್ಪು ಹಿಡಿದೇ ನಡುವೆ ಇಣುಕಿದೆ. "ನಮಸ್ಕಾರ್ರಿ ಸರ್! ಮೊದಲ ಸೊಟ್ಟ ಇತ್ತು. ಮುಂಜಾನೆ ನಾನ ರಿಪೇರಿ ಮಾಡೇನಿ!"

ಶೈಲಾ ಮುಚ್ಚಳ ತೆಗೆದಳು. ನೋಡಿದಳು.

"ಅಕ್ಕಾ, ಆ ಸೊಟ್ಟ ಗೆರಿನ ನನ್ನ ಸಂಶೋಧನಾ. ಎಷ್ಟು ಬಾಗತೈತಿ ಅಂತ ಹುಡುಕಾಕನ ಎರಡು ವರ್ಷ ಹಿಡೀತು."

ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಡೊಳ್ಳಿನ ಪಕ್ಕ ಸೊಳ್ಳೆಯ ಹಾಡು ಕೇಳೀತೇ? ನನ್ನ ದೊಡ್ಡ ಕೆಪಾಸಿಟರ್ ಪಕ್ಕದಲ್ಲಿ ಅವಳ ಸಣ್ಣದರ ಏರಿಳಿತ ಕಾಣದೇ ಹೋಗಿತ್ತು. ಊರಿಗೆಲ್ಲ ಹೇಳಿಕೊಂಡು ಮೆರೆದ ತಂಗಿಯನ್ನು ಅವಳ ಗುರುಗಳ ಮುಂದೆ ನಾನೇ ಸುಳ್ಳುಗಾರ್ತಿ ಮಾಡಿದ್ದೆ!

"ಸರ್, ತಪ್ಪು ನಂದ್ರಿ. ಆಕಿದೇನೂ ಇಲ್ಲ. ಐದು ನಿಮಿಷ ಕೊಡ್ರಿ."

ಅವರ ಕಣ್ಣೆದುರೇ ಬೆಸುಗೆ ಬಿಚ್ಚಿದೆ. ನನ್ನ ಕೈ ಎಂದೂ ನಡುಗುವುದಿಲ್ಲ. ತಲೆಯೊಂದೇ ಆಗಾಗ ಕೈಕೊಡುತ್ತದೆ. ಶೈಲಾ ಮತ್ತೆ ಗುಂಡಿ ಒತ್ತಿದಳು. ಗೆರೆ ಬಾಗಿತು! ಇಂಥ ಸೊಟ್ಟಕ್ಕೆ ಜನ್ಮದಲ್ಲೇ ಮೊದಲ ಸಲ ಕೈಮುಗಿದೆ.

ಆಮೇಲೆ ಆಕೆ ಮಾತಾಡಿದ್ದರಲ್ಲಿ ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಎದೆ ಮಾತ್ರ ಉಬ್ಬುತ್ತಲೇ ಹೋಯಿತು. ಕೊನೆಗೆ ಸರ್ ಅಂದರು: "ಛಲೋ ಆಗೇತಿ. ಸಹಿ ಮಾಡ್ತೇನಿ. ಮತ್ತ ನಿಮ್ಮ ಅಕ್ಕಾರ ಬೆಸುಗಿ ನೋಡಿದೆ. ನಮ್ಮ ಲ್ಯಾಬಿನ್ಯಾಗ ಇಷ್ಟು ಛಂದ ಯಾರಿಗೂ ಬರಂಗಿಲ್ಲ."

ನಾನು ಸೆರಗು ಸರಿಮಾಡಿಕೊಂಡೆ.

"ಆದ್ರ ಅವರನ್ನ ಲ್ಯಾಬಿಗೆ ಮಾತ್ರ ಕರಕೊಂಡು ಬರಬ್ಯಾಡ್ರಿ."

ಸಂಜೆ ಶೈಲಾ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದಳು: "ಅಕ್ಕಾ, ಇದು ಕೆಟ್ಟಿಲ್ಲ." ಮರುದಿನ ನೋಡಿದರೆ ನಮ್ಮ ಮಿಕ್ಸಿಯ ಮೇಲೂ ಒಂದು ಚೀಟಿ: "ಇದೂ ಕೆಟ್ಟಿಲ್ಲ." ಗಂಡನ ಅಕ್ಷರ! ಮಿಕ್ಸಿ ಖರೇನೇ ಕೆಟ್ಟಿದೆ. ಆದರೆ ಮುಟ್ಟಲು ಧೈರ್ಯವಿಲ್ಲ. ಉಣಕಲ್ಲಿನ ಹೆಸರುವಾಸಿ ರಿಪೇರಿಯವಳು ಸದ್ಯ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದಾಳೆ.